ಲೆಕ್ಕ ಬಲ್ಲ ಮೇಯರ್, ದಿವಾಳಿ ಅಂಚಿನ ಊರು

ಎಲೆಕ್ಷನ್ ಬಂತೆಂದರೆ ಕಟ್ಟೆಯ ಮೇಲೂ ಬಸ್ ಸ್ಟ್ಯಾಂಡಿನಲ್ಲೂ ಒಂದೇ ಮಾತು: ‘ಲೆಕ್ಕ ಬಲ್ಲವರನ್ನ ಆರಿಸ್ರಿ, ಊರು ತಾನಾ ಸುಧಾರಿಸ್ತದ.’ ಮಾತು ಸುಳ್ಳಲ್ಲ. ಆದರೆ ಪೂರಾ ಖರೆಯೂ ಅಲ್ಲ.

ನ್ಯೂಯಾರ್ಕಿನ ಏಬ್ರಹಾಂ ಬೀಮ್ ಎಂಬವರ ಕಥೆ ಕೇಳಿ. ಬಡವರ ಕೇರಿಯಲ್ಲಿ ಬೆಳೆದು ಅಕೌಂಟೆಂಟ್ ಆದವರು. ಹೈಸ್ಕೂಲಿನಲ್ಲಿ ಜಮಾ-ಖರ್ಚು ಕಲಿಸಿದರು. ಮುಂದೆ ನಗರದ ಬಜೆಟ್ ಅಧಿಕಾರಿಯಾದರು, ಎರಡು ಸಲ ಹಣಕಾಸಿನ ಕಂಟ್ರೋಲರ್ ಆದರು. 1973ರ ಚುನಾವಣೆಯಲ್ಲಿ ‘ರೊಕ್ಕದ ಲೆಕ್ಕ ಬಲ್ಲವರು’ ಎಂಬುದೇ ಅವರ ಪ್ರಚಾರ. ಜನ ನಂಬಿ ಗೆಲ್ಲಿಸಿದರು. 1974ರಲ್ಲಿ ಮೇಯರ್ ಗಾದಿ ಏರಿದರು.

ಮರುವರ್ಷವೇ ಊರು ದಿವಾಳಿಯ ಅಂಚಿಗೆ ಬಂತು! ಕಾರಣವೇನು? ನಿತ್ಯದ ಖರ್ಚಿಗೆ ಸಾಲ. ಬಾರದ ತೆರಿಗೆಯನ್ನು ಬಂದಂತೆ ಬರೆದು, ಅದರ ಮೇಲೆ ಮತ್ತೆ ಸಾಲ. ಉದ್ರಿ ಬಾಕಿಯನ್ನೇ ಗಲ್ಲಾದ ರೊಕ್ಕವೆಂದು ಎಣಿಸುವ ಅಂಗಡಿ ಎಷ್ಟು ದಿನ ನಡೆದೀತು? ಈ ಚಾಳಿ ಬೀಮ್ ಮೇಯರ್ ಆಗುವ ಮೊದಲೇ ಶುರುವಾಗಿತ್ತು, ನಿಜ. ಆದರೆ ಆಗ ಕಂಟ್ರೋಲರ್ ಕುರ್ಚಿಯಲ್ಲಿ ಕೂತಿದ್ದವರೂ ಅವರೇ ಅಲ್ಲವೇ?

ಪೆಟ್ಟು ತಿಂದವರು ಯಾರು? ಸಾವಿರಾರು ನೌಕರರು ಕೆಲಸ ಕಳಕೊಂಡರು. 1975ರ ಜುಲೈನಲ್ಲಿ ಬೀದಿ ಬೀದಿಯಲ್ಲಿ ಕಸ ರಾಶಿ ಬಿತ್ತು. ಸೆಪ್ಟೆಂಬರಿನಲ್ಲಿ ಸಬ್‌ವೇ ರೈಲಿನ ಟಿಕೆಟ್ 35 ಸೆಂಟಿನಿಂದ 50ಕ್ಕೆ ಏರಿತು. ಅಕ್ಟೋಬರಿನಲ್ಲಿ ಶಿಕ್ಷಕರ ಪಿಂಚಣಿ ನಿಧಿಯಿಂದ 15 ಕೋಟಿ ಡಾಲರ್ ಪಡೆದು ಮಾನ ಉಳಿಸಿಕೊಳ್ಳಬೇಕಾಯಿತು. ರಾಜ್ಯದ ಶಾಸಕರು ಕಾನೂನು ಮಾಡಿ ಖಜಾನೆಯ ಕೀಲಿಯನ್ನು ಒಂದು ಮಂಡಳಿಯ ಕೈಗೆ ಕೊಟ್ಟರು. ಮೇಯರ್ ಹೆಸರಿಗೆ ಮೇಯರ್! 1977ರಲ್ಲಿ ಸ್ವಂತ ಪಕ್ಷದವರೇ ಅವರಿಗೆ ಟಿಕೆಟ್ ತಪ್ಪಿಸಿದರು.

ಅಮೆರಿಕದ ಮಾತು ಸಿರವಾರಕ್ಕೆ ಯಾಕೆ? ಯಾಕೆಂದರೆ ಇಲ್ಲೂ ಪಟ್ಟಣ ಪಂಚಾಯಿತಿ ಇದೆ. 2017ರ ಬಜೆಟ್ಟಿನಲ್ಲಿ ತಾಲೂಕು ಪಟ್ಟವೂ ಘೋಷಣೆಯಾಯಿತು. ಅತ್ತ ರಾಯಚೂರನ್ನು ಮಹಾನಗರ ಪಾಲಿಕೆ ಮಾಡಲು 2024ರಲ್ಲಿ ಸಂಪುಟ ಒಪ್ಪಿತು. ಪಟ್ಟ ದೊಡ್ಡದಾದಂತೆ ಖರ್ಚೂ ದೊಡ್ಡದಾಗುತ್ತದೆ. ಕಾನೂನಿನ ಕೊರತೆಯೇನಿಲ್ಲ: 2006ರ ನಿಯಮದಂತೆ ರಾಜ್ಯದ ಪೌರಸಂಸ್ಥೆಗಳು ಜೋಡಿ ನಮೂದಿನ ಲೆಕ್ಕ ಬರೆಯಬೇಕು. ಶಾಸಕರೂ ಪೌರಸಂಸ್ಥೆಯ ಸದಸ್ಯರೇ, ಅಲ್ಲಿ ಅವರಿಗೂ ಕುರ್ಚಿ ಇದೆ.

ಉಳಿದಿರುವುದು ಕೇಳುವವರ ಕೆಲಸ. ಮಳಿಗೆ ಬಾಡಿಗೆ ಎಷ್ಟು ಬಂತು, ನೀರಿನ ತೆರಿಗೆ ಎಷ್ಟು ಬಾಕಿ, ಗುತ್ತಿಗೆದಾರನಿಗೆ ಎಷ್ಟು ಹೋಯಿತು—ಇದನ್ನು ವರ್ಷಕ್ಕೊಮ್ಮೆಯಾದರೂ ಊರಿಗೆ ತಿಳಿಯುವ ಕನ್ನಡದಲ್ಲಿ ಪಂಚಾಯಿತಿ ಗೋಡೆಗೆ ಅಂಟಿಸಲಿ. ದಿನಾ ರಾತ್ರಿ ಕಿರ್ದಿ ಬರೆದು ಗಲ್ಲಾ ಎಣಿಸುವ ಅಂಗಡಿಕಾರನಿಗೆ ಅದನ್ನು ಓದುವುದು ಕಷ್ಟವಲ್ಲ.

ಲೆಕ್ಕ ಬಲ್ಲವರು ಗಾದಿಗೆ ಬರಲಿ, ಸಂತೋಷ. ಲೆಕ್ಕ ಕೇಳುವವರು ಊರಲ್ಲಿರಲಿ, ಅದು ಅದಕ್ಕಿಂತ ಜರೂರು.