ಹೊಗೆಯ ಸುಳಿ, ಮುಗಿಲ ಸುಳಿ

ದೇವರ ಮನೆಯಲ್ಲಿ ಊದುಬತ್ತಿಯನ್ನು ಹಚ್ಚಿಟ್ಟು, ಅದರ ಹೊಗೆಯನ್ನೇ ನಿದಾನಿಸಿ ನೋಡಿದವರು ನಮ್ಮ ವಾಚಕರಲ್ಲಿ ಎಷ್ಟು ಮಂದಿಯೋ ನಾವರಿಯೆವು. ಹೊಗೆಯು ಬತ್ತಿಯ ತುದಿಯಿಂದ ಗೇಣುದ್ದ ನೂಲಿನೆಳೆಯಂತೆ ನೆಟ್ಟಗೆ ಏರುವುದು; ಅಲ್ಲಿಂದ ಮೇಲೆ ತುಸು ಓಲಾಡಿ, ಸುರುಳಿ ಸುರುಳಿಯಾಗಿ ಒಡೆದು, ಕಡೆಗೆ ಹೊಗೆ ಯಾವುದು ಗಾಳಿ ಯಾವುದು ಎಂದು ತಿಳಿಯದಂತೆ ಕಲೆತುಹೋಗುವುದು.

ಮೂವತ್ತು ವರ್ಷಗಳ ಹಿಂದಿನ ಮಾತು. ವಿಜ್ಞಾನದ ಉಪಾಧ್ಯಾಯರು ರಜೆಯ ಮೇಲೆ ಹೋಗಿದ್ದುದರಿಂದ ಅವರ ತರಗತಿಯನ್ನು ನೋಡಿಕೊಳ್ಳುವ ಕೆಲಸವು ಸಂಸ್ಕೃತದ ಮೇಷ್ಟರಾದ ನಮ್ಮ ಪಾಲಿಗೆ ಬಂದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, “ಊದುಬತ್ತಿ ಹೊಗೆ ಮೊದಲು ನೆಟ್ಟಗೆ ಹೋಗಿ ಆಮೇಲೆ ಯಾಕೆ ಸಾರ್ ಒಡೆದುಹೋಗುತ್ತೆ?” ಎಂದು ಕೇಳಿದನು. “ಗಾಳಿ ಬೀಸುವುದರಿಂದ” ಎಂದೆವು. “ಕಿಟಕಿ ಬಾಗಿಲು ಎಲ್ಲಾ ಮುಚ್ಚಿ ನೋಡಿದೀನಿ ಸಾರ್. ಆಗಲೂ ಒಡೆಯುತ್ತೆ” ಎಂದನು. ನಮಗೆ ಉತ್ತರ ತೋಚಲಿಲ್ಲ. ತೋಚಲಿಲ್ಲವೆಂದು ಹೇಳುವುದಕ್ಕೆ ಬದಲಾಗಿ, ಅಧಿಕಪ್ರಸಂಗವೆಂದು ಗದರಿಸಿ ಕೂರಿಸಿದೆವು. ಆ ಹುಡುಗನು ವರ್ಷದ ಕೊನೆಯವರೆಗೂ ನಮ್ಮನ್ನು ಮತ್ತೇನನ್ನೂ ಕೇಳಲಿಲ್ಲ.

ಅವನ ಪ್ರಶ್ನೆಗೆ ಉತ್ತರವು ನಾವು ಹುಟ್ಟುವುದಕ್ಕೆ ಎಷ್ಟೋ ಮೊದಲೇ ದೊರೆತಿತ್ತು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ, ಈಗಿನ ವಿಶ್ವವಿದ್ಯಾನಿಲಯಕ್ಕೆ ಮೂಲವಾದ ಓವೆನ್ಸ್ ಕಾಲೇಜಿನಲ್ಲಿ, ಆಸ್ಬರ್ನ್ ರೆನಾಲ್ಡ್ಸ್ ಎಂಬ ಪ್ರಾಧ್ಯಾಪಕನಿದ್ದನು. ಗಾಜಿನ ಪಕ್ಕಗಳುಳ್ಳ ತೊಟ್ಟಿಯೊಂದರಲ್ಲಿ ಗಾಜಿನ ಕೊಳವೆಯನ್ನು ಮಲಗಿಸಿ, ಕೊಳವೆಯೊಳಗೆ ಹರಿಯುವ ನೀರಿನ ನಡುವೆ ಬಣ್ಣದ ಒಂದು ಎಳೆಯನ್ನು ಬಿಟ್ಟು ನೋಡಿ, ಕಂಡುದನ್ನು 1883ರಲ್ಲಿ ಪ್ರಕಟಿಸಿದನು. ನೀರು ಮೆಲ್ಲಗೆ ಹರಿಯುವಾಗ ಬಣ್ಣದ ಎಳೆಯು ಕೊಳವೆಯ ಉದ್ದಕ್ಕೂ ಕದಲದೆ ನಿಂತಿತು. ವೇಗವನ್ನು ಹೆಚ್ಚಿಸುತ್ತ ಹೋದಾಗ ಒಂದು ಹಂತದಲ್ಲಿ ಎಳೆಯು ಥಟ್ಟನೆ ಒಡೆದು ಬಣ್ಣವು ಕೊಳವೆಯನ್ನೆಲ್ಲ ತುಂಬಿತು. ಮುಚ್ಚಿದ ಕೊಳವೆಯಲ್ಲಿ ಬೀಸುವ ಗಾಳಿ ಎಲ್ಲಿಂದ ಬರಬೇಕು? ಪ್ರವಾಹದ ವೇಗವನ್ನು ಕೊಳವೆಯ ಅಗಲದಿಂದ ಗುಣಿಸಿ, ದ್ರವದ ಸ್ನಿಗ್ಧತೆಯಿಂದ, ಎಂದರೆ ಅಂಟುಗುಣದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಇದನ್ನು ನಿರ್ಣಯಿಸುವುದೆಂದು ಅವನು ತೋರಿಸಿದನು. ಆ ಸಂಖ್ಯೆಯು ಸುಮಾರು 2000ಕ್ಕಿಂತ ಕೆಳಗಿದ್ದರೆ ಅಂಟುಗುಣವು ಸಣ್ಣಪುಟ್ಟ ಕದಲಿಕೆಗಳನ್ನೆಲ್ಲ ಅಡಗಿಸಿಬಿಡುವುದು. ಅದನ್ನು ಸಾಕಷ್ಟು ಮೀರಿದರೆ ಕದಲಿಕೆಗಳು ತಾವೇ ಬೆಳೆದು ಸುಳಿಗಳಾಗುವುವು. ನಮ್ಮ ಮನೆಯ ಅರ್ಧ ಅಂಗುಲದ ಕೊಳಾಯಿಯಲ್ಲಿ ನೀರು ಸೆಕೆಂಡಿಗೆ ಸುಮಾರು 16 ಸೆಂಟಿಮೀಟರು ಹರಿದರೆ ಆ ಗಡಿಯು ಬಂದಂತಾಯಿತು. ಊದುಬತ್ತಿಯ ಬಿಸಿ ಹೊಗೆಯಾದರೋ ಮೇಲೇರಿದಷ್ಟೂ ವೇಗವನ್ನು ಪಡೆಯುವುದು. ಅದಕ್ಕೆ ಸಲ್ಲುವ ಗಡಿಯ ಸಂಖ್ಯೆ ಬೇರೆ. ನ್ಯಾಯವು ಮಾತ್ರ ಇದೇ.

ಇಂತಹ ಹರಿವಿಗೆ ಕನ್ನಡದ ವಿಜ್ಞಾನ ಗ್ರಂಥಗಳಲ್ಲಿ ಪ್ರಕ್ಷುಬ್ಧ ಪ್ರವಾಹವೆಂದು ಹೆಸರು. ಪದವು ನಮಗೆ ಬಹಳ ಒಪ್ಪಿಗೆಯಾದುದು. ‘ಕ್ಷುಭ್’ ಧಾತುವಿನಿಂದ ಬಂದ ‘ಕ್ಷುಬ್ಧ’ ರೂಪವನ್ನು ಪಾಣಿನಿಯು ಮಂಥವೆಂಬ ಅರ್ಥಕ್ಕಾಗಿಯೇ ಪ್ರತ್ಯೇಕವಾಗಿ ಹೇಳಿರುವನು. ಮೊಸರು ಕಡೆಯುವ ಗೃಹಿಣಿಗೆ ಈ ಶಾಸ್ತ್ರದ ವಿಷಯವು ದಿನವೂ ಕೈಯಲ್ಲೇ ಇದೆಯೆಂದಾಯಿತು!

ರೆನಾಲ್ಡ್ಸನ ಪ್ರಯೋಗದಲ್ಲಿ ಇನ್ನೊಂದು ಸಂಗತಿಯುಂಟು. ನಮ್ಮ ದೃಷ್ಟಿಗೆ ಅದೇ ಮುಖ್ಯವಾದುದು. ಬಣ್ಣವು ಒಡೆದ ಮೇಲೆ ಕಣ್ಣಿಗೆ ಕಂಡುದು ಕಲಸಿಹೋದ ರಾಡಿ ಮಾತ್ರ. ಆದರೆ ವಿದ್ಯುತ್ ಕಿಡಿಯ ಕ್ಷಣಮಾತ್ರದ ಬೆಳಕಿನಲ್ಲಿ ನೋಡಿದಾಗ ಆ ರಾಡಿಯೇ ಬೇರೆ ಬೇರೆಯಾದ ಸುರುಳಿಗಳಾಗಿ ಕಾಣಿಸಿತು. ಗೊಂದಲವೆಂದು ತೋರಿದುದರಲ್ಲಿ ಆಕಾರವಿದ್ದಿತು. ನಮ್ಮ ಕಣ್ಣು ಅದನ್ನು ಹಿಡಿಯಲಾರದಷ್ಟು ನಿಧಾನದ್ದು, ಅಷ್ಟೆ.

ಇಂದು ಪ್ರಯೋಗಶಾಲೆಗಳಲ್ಲಿ ನಡೆಯುವುದು ಆ ಕಿಡಿಯ ಮುಂದುವರಿಕೆಯೇ. ಕಿಡಿಯ ಸ್ಥಾನಕ್ಕೆ ಲೇಸರ್ ಬಂದಿದೆ. ಅದರ ಬೆಳಕನ್ನು ಕಾಗದದ ಹಾಳೆಯಂತೆ ತೆಳುವಾಗಿ ಹರಡಿ ನೀರಿನೊಳಕ್ಕೆ ಹಾಯಿಸುವರು. ತೊಟ್ಟಿಯನ್ನೆಲ್ಲ ಬೆಳಗಿದರೆ ಮುಂದಿನ ಸುಳಿಯೂ ಹಿಂದಿನ ಸುಳಿಯೂ ಒಂದರ ಮೇಲೊಂದು ಬಿದ್ದು ಕಾಣುವುವು. ಹಾಳೆಯಷ್ಟೇ ಬೆಳಗಿದರೆ ಹಲಸಿನ ಹಣ್ಣನ್ನು ಅಡ್ಡಲಾಗಿ ಕೊಯ್ದಂತೆ ಒಳಗಿನ ರಚನೆಯು ತೋರುವುದು. ನೀರಿನಲ್ಲಿ ಲೇಸರ್ ತಗುಲಿದರೆ ಹೊಳೆಯುವ ಬಣ್ಣವನ್ನೋ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನೋ ಬೆರೆಸಿರುವರು. ಕಣಗಳಾದರೆ ಅತ್ಯಲ್ಪ ಅಂತರದಲ್ಲಿ ಎರಡು ಸಲ ಬೆಳಕನ್ನು ಮಿಂಚಿಸಿ ಎರಡು ಚಿತ್ರಗಳನ್ನು ತೆಗೆಯುವರು. ಮೊದಲ ಚಿತ್ರದ ಕಣಗಳು ಎರಡನೆಯದರಲ್ಲಿ ಎಷ್ಟು ದೂರ, ಯಾವ ದಿಕ್ಕಿಗೆ ಸರಿದಿವೆಯೆಂದು ಗಣಕಯಂತ್ರವು ಲೆಕ್ಕಹಾಕಿದರೆ, ಹರಿವಿನ ವೇಗವು ಒಂದೊಂದು ಎಡೆಯಲ್ಲಿಯೂ ತಿಳಿದುಬರುವುದು.

ನಮ್ಮ ಬೆಂಗಳೂರಿನಲ್ಲಿಯೂ ಈ ವಿದ್ಯೆಯು ನೆಲೆಯಾಗಿದೆ. ಅದನ್ನು ಬೆಳೆಸಿದವರಲ್ಲಿ ಅಗ್ರಗಣ್ಯರು ರೊದ್ದಂ ನರಸಿಂಹ ಅವರು (1933–2020). ಇವರ ತಂದೆ ಆರ್. ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದವರು, ಕನ್ನಡದಲ್ಲಿ ವಿಜ್ಞಾನವನ್ನು ಬರೆದವರು. ಮಗನು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸತೀಶ್ ಧವನರ ಬಳಿ ಕಲಿತು, ಅಮೆರಿಕದ ಕ್ಯಾಲ್ಟೆಕ್‌ನಲ್ಲಿ 1961ರಲ್ಲಿ ಡಾಕ್ಟರೇಟ್ ಪಡೆದು, ಮರಳಿ ಬಂದು ಇಲ್ಲಿಯೇ ಅಧ್ಯಾಪಕರಾದರು. ಅವರನ್ನು ಕೊನೆಯವರೆಗೂ ಕಾಡಿದ ಪ್ರಶ್ನೆಗಳಲ್ಲೊಂದು ನಾವೆಲ್ಲರೂ ಆಷಾಢದಲ್ಲಿ ತಲೆಯೆತ್ತಿ ನೋಡುವ ಮೋಡದ್ದು.

ಹೂಕೋಸಿನಂತಹ ಬಿಳಿಯ ರಾಶಿಮೋಡವು ಮೇಲೇರುವಾಗ ಸುತ್ತಲಿನ ಒಣಗಾಳಿಯನ್ನು ಸುಳಿಗಳ ಮೂಲಕ ತನ್ನೊಳಕ್ಕೆ ಸೆಳೆದುಕೊಳ್ಳುವುದು. ಒಣಗಾಳಿಯು ಸೇರಿದಷ್ಟೂ ಹನಿಗಳು ಆರಿ, ಮೋಡವು ತೆಳುವಾಗಬೇಕು. ಸಾಮಾನ್ಯ ಹೊಗೆಯಂತೆಯೇ ಅದೂ ಸೆಳೆಯುತ್ತ ಹೋದರೆ ಏರುತ್ತ ಏರುತ್ತ ಅಗಲವಾಗಿ, ಅರ್ಧ ದಾರಿಯಲ್ಲಿಯೇ ಕರಗಬೇಕು. ಹಾಗಿರುವಾಗ ಕೆಲವು ಮೋಡಗಳು ಹತ್ತು ಕಿಲೋಮೀಟರಿಗೂ ಮೀರಿ ಗೋಪುರದಂತೆ ನಿಲ್ಲುವುದು ಹೇಗೆ? ಮೇಘವು ಯಾವ ಯಾವ ದ್ರವ್ಯಗಳಿಂದಾದುದೆಂದು ಕಾಳಿದಾಸನು ಎಣಿಸಿರುವುದನ್ನು ನಾವು ಮೂವತ್ತೈದು ವರ್ಷ ಪಾಠ ಹೇಳಿದೆವು. ಈ ಪ್ರಶ್ನೆಯು ಒಂದು ದಿನವೂ ನಮಗೆ ಹೊಳೆಯಲಿಲ್ಲ.

ಮೋಡಕ್ಕೂ ಹೊಗೆಗೂ ಒಂದು ಭೇದವಿದೆ. ಹೊಗೆಗೆ ಬಿಸಿಯು ಬುಡದಲ್ಲಿ ಮಾತ್ರ. ಮೋಡದಲ್ಲಾದರೋ ಆವಿಯು ಹನಿಯಾಗುವಾಗಲೆಲ್ಲ, ಗ್ರಾಮು ಒಂದಕ್ಕೆ ಸುಮಾರು 600 ಕ್ಯಾಲೊರಿಯಂತೆ, ಅಡಗಿದ್ದ ಶಾಖವು ಹೊರಬೀಳುವುದು. ಆರು ಗ್ರಾಮು ಮಂಜಿನಷ್ಟು ತಣ್ಣಗಿನ ನೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಶಾಖವು ಸಾಕು. ಎಂದರೆ ಮೋಡವು ದಾರಿಯುದ್ದಕ್ಕೂ ಒಳಗಿನಿಂದಲೇ ಬಿಸಿಯಾಗುತ್ತ ಏರುವುದು. ಇದನ್ನು ನೀರಿನ ತೊಟ್ಟಿಯಲ್ಲಿ ಅನುಕರಿಸುವುದು ಹೇಗೆ?

ನರಸಿಂಹ ಅವರೂ ಜಿ. ಎಸ್. ಭಟ್ಟರೂ ಹೂಡಿದ ಉಪಾಯವನ್ನು ಓದಿದಾಗ ನಾವು ಪುಸ್ತಕವನ್ನು ಕೆಳಗಿಟ್ಟು ನಕ್ಕೆವು; ಅಷ್ಟು ಸರಳ, ಅಷ್ಟು ಜಾಣತನದ್ದು. ತೊಟ್ಟಿಯಲ್ಲಿ ವಿದ್ಯುತ್ತನ್ನು ಹಾಯಗೊಡದ ಶುದ್ಧ ಜಲ. ತಳದ ರಂಧ್ರದಿಂದ ಮೇಲಕ್ಕೆ ಚಿಮ್ಮುವ ಧಾರೆಗೆ ಸ್ವಲ್ಪ ಆಮ್ಲ ಬೆರೆಸಿದ್ದಾರೆ. ಅದು ವಿದ್ಯುತ್ತನ್ನು ಹಾಯಗೊಡುವುದು. ಧಾರೆಯು ಸ್ವಲ್ಪ ಮೇಲೇರಿದ ಮೇಲೆ ತಂತಿಯ ಜಾಲರಿಗಳ ನಡುವೆ ವಿದ್ಯುತ್ತನ್ನು ಹರಿಸಿದರೆ ಧಾರೆ ಮಾತ್ರ ಬಿಸಿಯಾಗುವುದು, ಸುತ್ತಲಿನ ನೀರು ಹಾಗೆಯೇ ಇರುವುದು. ಮೋಡದ ತಳದಿಂದ ಮೇಲಕ್ಕೆ ಆವಿಯುಳ್ಳ ಗಾಳಿ ಮಾತ್ರವೇ ಬಿಸಿಯಾಗುವ ಹಾಗೆ! ಇಷ್ಟನ್ನೂ ಲೇಸರಿನ ಹಾಳೆಯಲ್ಲಿ ಚಿತ್ರ ತೆಗೆದರು.

ಬಿಸಿಮಾಡದ ಧಾರೆಯು ಏರಿದಷ್ಟೂ ಒಂದೇ ಕೋನದಲ್ಲಿ ಅಗಲವಾಗುತ್ತ ಹೋಯಿತು; ಅದರ ಅಂಚಿನ ದೊಡ್ಡ ಸುಳಿಗಳು ಹೊರಗಿನ ನೀರನ್ನು ಬಾಚಿ ಬಾಚಿ ಒಳಕ್ಕೆ ಎಳೆದುಕೊಂಡುವು. ಬಿಸಿಮಾಡಿದ ಧಾರೆಯಲ್ಲಿ ಆ ದೊಡ್ಡ ಸುಳಿಗಳೇ ಚೆದುರಿಹೋದುವು. ಒಳಸೆಳೆತವು ತಗ್ಗಿತು, ಧಾರೆಯು ಅಗಲವಾಗುವುದನ್ನು ಬಿಟ್ಟು ಕಂಬದಂತೆ ನೆಟ್ಟಗೆ ಏರಿತು. 1996ರಲ್ಲಿ ಈ ಫಲವನ್ನು ಪ್ರಕಟಿಸಿದರು. ಆಮೇಲೆ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ನರಸಿಂಹ ಅವರೂ ಸಂಗಡಿಗರೂ ಪ್ರಯೋಗವನ್ನು ಮುಂದುವರಿಸಿ, ಶಾಖದ ಪ್ರಮಾಣವನ್ನೂ ಅದನ್ನು ಕೊಡುವ ಎತ್ತರವನ್ನೂ ಬದಲಿಸಿ, ಬಗೆಬಗೆಯ ಮೋಡಗಳ ಆಕಾರಗಳನ್ನು ತೊಟ್ಟಿಯಲ್ಲಿ ಮೂಡಿಸಿ 2011ರಲ್ಲಿ ತೋರಿಸಿದರು.

ತೊಟ್ಟಿಯ ಮೋಡದಲ್ಲಿ ಮಳೆಹನಿಯಿಲ್ಲ, ಮಂಜಿನ ಹರಳಿಲ್ಲ, ಹನಿಯು ಆರಿ ತಂಪಾಗುವುದೆಂಬುದೂ ಇಲ್ಲ. ಆದರೂ ಇದು ಬರಿಯ ವಿನೋದವಲ್ಲ. ಹವೆಯನ್ನು ಮುಂತಿಳಿಸುವ ಗಣಕಯಂತ್ರಗಳು ಆಕಾಶವನ್ನು ಅನೇಕ ಕಿಲೋಮೀಟರು ಅಗಲದ ಚೌಕಗಳಾಗಿ ಹೆಣೆದು ಲೆಕ್ಕಹಾಕುವುವು. ಒಂಟಿ ಮೋಡವು ಆ ಬಲೆಯ ಕಣ್ಣಿನಲ್ಲಿ ನುಸುಳಿಹೋಗುವುದು. ಅದು ಎಷ್ಟು ಒಣಗಾಳಿಯನ್ನು ಸೆಳೆಯುವುದೆಂಬ ಸೂತ್ರವನ್ನು ನಾವೇ ಬರೆದು ಕೊಡಬೇಕು. ಸೂತ್ರವು ತಪ್ಪಿದರೆ ಮಳೆಯ ಲೆಕ್ಕವೂ ತಪ್ಪುವುದು. ಲೆಕ್ಕವನ್ನು ನಂಬಿ ರಾಗಿ ಬಿತ್ತಿದವನ ಬೀಜ ಹೊಲದಲ್ಲಿಯೇ ಒಣಗುವುದು.

ನೋಡಬೇಕೆನ್ನುವವರು ಮನೆಯಲ್ಲಿಯೇ ನೋಡಬಹುದು. ರಾತ್ರಿ ಫ್ಯಾನನ್ನು ನಿಲ್ಲಿಸಿ, ಕಿಟಕಿ ಬಾಗಿಲುಗಳನ್ನು ಮುಚ್ಚಿ, ದೀಪವನ್ನು ಆರಿಸಿರಿ. ರಟ್ಟಿನ ತುಂಡಿನಲ್ಲಿ ಅಕ್ಕಿಕಾಳಿನ ದಪ್ಪದ ಉದ್ದನೆಯ ಸೀಳನ್ನು ಕೊಯ್ದು, ಅದನ್ನು ಮೊಬೈಲಿನ ಬೆಳಕಿಗೆ ಅಡ್ಡ ಹಿಡಿದು, ಆ ಸೀಳಿನ ಬೆಳಕು ಊದುಬತ್ತಿಯ ಹೊಗೆಯ ಮೇಲೆ ಬೀಳುವಂತೆ ಮಾಡಿರಿ. ರಾಶಿಯಾಗಿ ಕಾಣುತ್ತಿದ್ದ ಹೊಗೆಯಲ್ಲಿ ಸುರುಳಿಯೊಳಗೆ ಸುರುಳಿಯು ಕಾಣಿಸುವುದು. ನಾವು ಮೊನ್ನೆ ಮೊಮ್ಮಗಳೊಡನೆ ನೋಡಿದೆವು. ಕಿಟಕಿ ಬಾಗಿಲು ಎಲ್ಲವೂ ಮುಚ್ಚಿದ್ದವು. ಹೊಗೆಯು ಗೇಣುದ್ದ ನೆಟ್ಟಗೆ ಏರಿ, ಆಮೇಲೆ ಒಡೆಯಿತು. ಆ ಹುಡುಗನು ಈಗ ಎಲ್ಲಿರುವನೋ ತಿಳಿಯದು. ಈ ಪತ್ರಿಕೆಯು ಅವನ ಮನೆಗೆ ಬರುತ್ತಿದ್ದರೆ, ಅವನು ಹೇಳಿದುದೇ ಸರಿಯೆಂದು ಇಲ್ಲಿ ಒಪ್ಪಿಕೊಂಡಿದ್ದೇವೆ.