ಮೂರು ದಿನದ ಪ್ರವಾಸ, ಒಂದು ಕಾಲುದಾರಿ

ಕೈಯಲ್ಲಿ ಕಾಸಿಲ್ಲದವನು ವಿದೇಶ ಪ್ರವಾಸದ ಯೋಜನೆ ಹಾಕುವುದು ನಗೆಗೀಡಾಗುವ ಕೆಲಸವೆಂದು ನಾನು ಬಲ್ಲೆ. ಆದರೂ ಹೋದ ಬೇಸಗೆಯ ರಜೆಯಲ್ಲಿ ಅಂಥದೊಂದು ಯೋಜನೆ ಹಾಕಿದೆ. ಇಂಗ್ಲೆಂಡಿನ ವಾಯವ್ಯ ಮೂಲೆಯ ಸರೋವರ ಪ್ರಾಂತ್ಯದಲ್ಲಿ, ಎಂದರೆ ನಮ್ಮ ಪಠ್ಯದ ವರ್ಡ್ಸ್‌ವರ್ತ್ ಕವಿಯ ನಾಡಿನಲ್ಲಿ, ಮೂರು ದಿನ ಇದ್ದು ಬರುವುದು. ಇದಕ್ಕೆ ತಗುಲಿದ ವೆಚ್ಚ ಒಂದು ನೋಟ್‌ಬುಕ್ಕು. ದೊರೆತ ಲಾಭ ಒಂದು ಅಭಿಪ್ರಾಯ. ಆ ಅಭಿಪ್ರಾಯವನ್ನು ಗುರುಗಳ ಮತ್ತು ಸಹಪಾಠಿಗಳ ಮುಂದಿಡುತ್ತೇನೆ.

ಮೊದಲು ನಾನೂ ಎಲ್ಲರಂತೆ ಆಸೆಬುರುಕನಾದೆ. ಸ್ಟೋನ್‌ಹೆಂಜ್, ಬಾತ್, ಆಕ್ಸ್‌ಫರ್ಡ್, ಷೇಕ್ಸ್‌ಪಿಯರನ ಸ್ಟ್ರಾಟ್‌ಫರ್ಡ್, ಕಾಟ್ಸ್‌ವೋಲ್ಡಿನ ಹಳ್ಳಿಗಳು, ಕೊನೆಗೆ ಸರೋವರಗಳು, ಇಷ್ಟನ್ನೂ ಮೂರು ದಿನಕ್ಕೆ ತುರುಕಿದೆ. ಪ್ರಯಾಣದ ಗಂಟೆಗಳನ್ನು ಕೂಡಿಸಿ ನೋಡಿದರೆ, ಎಚ್ಚರವಿರುವ ಹೊತ್ತಿನಲ್ಲಿ ಬಹುಪಾಲು ಬಸ್ಸಿನ ಆಸನದಲ್ಲೇ ಕಳೆಯಬೇಕು! ಇದು ಪ್ರವಾಸವಲ್ಲ, ಹಾಜರಿ ಹಾಕಿಸಿಕೊಳ್ಳುವುದು. ಅಲ್ಪಕಾಲದ ಪ್ರವಾಸದಲ್ಲಿ ಏನನ್ನು ನೋಡಬೇಕೆಂಬುದಕ್ಕಿಂತ ಏನನ್ನು ಬಿಡಬೇಕೆಂಬುದೇ ಮುಖ್ಯ. ಹಾಗಾಗಿ ಒಂದೇ ಪ್ರಾಂತ್ಯವನ್ನು ಉಳಿಸಿಕೊಂಡು, ಅಲ್ಲಿ ಕಾಲ್ನಡಿಗೆಯೇ ವಾಹನವೆಂದು ನಿಶ್ಚಯಿಸಿದೆ.

ಮೊದಲನೆಯ ದಿನ ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಆಕ್ಸನ್‌ಹೋಮಿಗೆ ರೈಲು. ಅಲ್ಲಿಂದ ಸಣ್ಣದೊಂದು ಕವಲು ಮಾರ್ಗ ಕೆಂಡಲ್ ಊರಿನ ಮೇಲೆ ವಿಂಡರ್‌ಮೀರ್ ಊರಿಗೆ ಒಯ್ಯುತ್ತದೆ. ನಿಲ್ದಾಣದ ಹತ್ತಿರವೇ ಆರೆಸ್ಟ್ ಹೆಡ್ ಎಂಬ ಗುಡ್ಡವಿದೆ. ಅದನ್ನು ಹತ್ತಿದರೆ ಇಂಗ್ಲೆಂಡಿನ ಅತಿ ದೊಡ್ಡ ಸರೋವರ ಕೆಳಗೆ ಕಾಣುತ್ತದೆ. ಎರಡನೆಯ ದಿನ ಆಂಬಲ್‌ಸೈಡ್‌ವರೆಗೆ ಬಸ್ಸು. ಮುಂದೆ ರೈಡಲ್ ಹಳ್ಳಿಯಿಂದ ಗ್ರಾಸ್‌ಮೀರಿಗೆ, ಹಿಂದಿನ ಕಾಲದಲ್ಲಿ ಹೆಣ ಹೊತ್ತು ಸಾಗುತ್ತಿದ್ದ ಹಳೆಯ ದಾರಿಯಲ್ಲಿ ನಡಿಗೆ. ರೈಡಲಿನಲ್ಲಿ ಕವಿ 1813ರಿಂದ 1850ರಲ್ಲಿ ತೀರಿಕೊಳ್ಳುವವರೆಗೆ ಇದ್ದ ಮನೆ. ಗ್ರಾಸ್‌ಮೀರಿನಲ್ಲಿ ಅದಕ್ಕೂ ಮೊದಲು ಇದ್ದ ಡವ್ ಕಾಟೇಜ್, ಮತ್ತು ಅವನ ಸಮಾಧಿ. ಮೂರನೆಯ ದಿನ ಬೆಳಗ್ಗೆ ಅಲ್ಲೇ ಸರೋವರವನ್ನು ಸುತ್ತಿ ಹಿಂದಿರುಗುವುದು. ಕವಿ 1802ರಲ್ಲಿ ಡ್ಯಾಫೊಡಿಲ್ ಹೂಗಳನ್ನು ಕಂಡ ಅಲ್ಸ್‌ವಾಟರ್ ದಂಡೆಯನ್ನು ಬಿಡಬೇಕಾಯಿತು. ಮನಸ್ಸು ಒಪ್ಪಲಿಲ್ಲ, ಬಿಟ್ಟೆ.

ತಿಂಗಳು ಜೂನ್. ಆಗ ರಾತ್ರಿ ಒಂಬತ್ತರ ಮೇಲೂ ಬೆಳಕಿರುತ್ತದೆ. ಡಿಸೆಂಬರಿನಲ್ಲಾದರೆ ನಾಲ್ಕಕ್ಕೆಲ್ಲ ಹೊತ್ತು ಮುಳುಗುತ್ತದೆ. ಮಳೆ ಮಾತ್ರ ಯಾವ ತಿಂಗಳಲ್ಲೂ ತಪ್ಪದು. ಆಗುಂಬೆಯ ಕಡೆಯವನಿಗೆ ಅದರ ಅಂಜಿಕೆ ಏನು? ಎತ್ತರದ ಅಂಜಿಕೆಯೂ ಇಲ್ಲ. ಇಂಗ್ಲೆಂಡಿನ ಅತ್ಯುನ್ನತ ಶಿಖರ ಸ್ಕಾಫೆಲ್ ಪೈಕ್ 978 ಮೀಟರು, ನಮ್ಮ ಮುಳ್ಳಯ್ಯನಗಿರಿಯ ಸುಮಾರು ಅರ್ಧದಷ್ಟು.

ಇಷ್ಟರವರೆಗೆ ಎಲ್ಲವೂ ಸುಖವಾಗಿತ್ತು. ವಿಂಡರ್‌ಮೀರಿನ ರೈಲಿನ ಚರಿತ್ರೆಯನ್ನು ಓದಿದಾಗ ಮನಸ್ಸಿಗೆ ಪೆಟ್ಟು ಬಿತ್ತು. 1844ರಲ್ಲಿ ಈ ಮಾರ್ಗದ ಪ್ರಸ್ತಾಪ ಬಂದಾಗ ಅದನ್ನು ಪತ್ರಿಕೆಯಲ್ಲಿ ಬರೆದು ವಿರೋಧಿಸಿದವನು ವರ್ಡ್ಸ್‌ವರ್ತನೇ! ಕಾರ್ಖಾನೆಯ ಊರುಗಳಿಂದ ಕೆಲಸಗಾರರು ಗುಂಪುಗುಂಪಾಗಿ ಬಂದರೆ ನಾಡಿನ ಶಾಂತಿ ಕೆಡುತ್ತದೆ. ಇಂಥ ಚೆಲುವನ್ನು ಸವಿಯುವ ರುಚಿ ಕಾಲಕ್ರಮದ ಸಂಸ್ಕಾರದಿಂದ ಬರಬೇಕಾದ್ದು. ಅದಿಲ್ಲದವರಿಗೆ ಏನು ಪ್ರಯೋಜನ, ಎಂಬುದು ಅವನ ವಾದದ ಸಾರ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಅಪ್ಪ ಇತರರ ಅಡಕೆ ತೋಟದಲ್ಲಿ ದುಡಿಯುವವನು. ಕವಿ ಬರಬೇಡವೆಂದದ್ದು ನಮ್ಮಂಥವರಿಗೇ ಅಲ್ಲವೆ?

ಕವಿಗೆ ಅನ್ಯಾಯ ಮಾಡಲಾರೆ. ಅದೇ ಕವಿ ತನ್ನ ಸರೋವರ ಮಾರ್ಗದರ್ಶಿಯಲ್ಲಿ, ನೋಡುವ ಕಣ್ಣೂ ಸವಿಯುವ ಹೃದಯವೂ ಉಳ್ಳವರಿಗೆಲ್ಲ ಈ ನಾಡು ಒಂದು ಬಗೆಯ ರಾಷ್ಟ್ರೀಯ ಆಸ್ತಿ ಎಂಬ ಭಾವವನ್ನು ವ್ಯಕ್ತಪಡಿಸಿದ್ದಾನೆ. ಇಂದು ಅಲ್ಲಿಗೆ ವರ್ಷಕ್ಕೆ ಒಂದು ಕೋಟಿಗೂ ಮಿಗಿಲಾದ ಜನ ಬರುತ್ತಾರೆ, ಇಕ್ಕಟ್ಟಾದ ದಾರಿಗಳಲ್ಲಿ ಮೋಟಾರುಗಳು ಸಾಲುಗಟ್ಟುತ್ತವೆ. ಗದ್ದಲದ ಬಗ್ಗೆ ಅವನ ಭಯ ಸುಳ್ಳಾಗಲಿಲ್ಲ. ಸುಳ್ಳಾದದ್ದು ಬಡವನ ರುಚಿಯ ಬಗ್ಗೆ ಅವನಾಡಿದ ಮಾತು. 1847ರಲ್ಲಿ ರೈಲು ಬಂತು. 1930ರಲ್ಲಿ ಬ್ಲ್ಯಾಕ್‌ಬರ್ನ್ ಎಂಬ ಗಿರಣಿ ಊರಿನ ಒಬ್ಬ ಗುಮಾಸ್ತ ರಜೆಗೆಂದು ಬಂದು ಆರೆಸ್ಟ್ ಹೆಡ್ ಹತ್ತಿದ. ಕಲ್ಲುಕೆಲಸದವನ ಮಗ, ಹದಿಮೂರಕ್ಕೇ ಶಾಲೆ ಬಿಟ್ಟವನು. ಅವನೇ ಆಲ್ಫ್ರೆಡ್ ವೇನ್‌ರೈಟ್. ಮುಂದೆ 214 ಬೆಟ್ಟಗಳನ್ನು ಹತ್ತಿ, ಪುಟಪುಟವನ್ನೂ ಕೈಬರಹ ಮತ್ತು ರೇಖಾಚಿತ್ರಗಳಲ್ಲಿ ತುಂಬಿ, 1955ರಿಂದ 1966ರವರೆಗೆ ಏಳು ಸಂಪುಟಗಳನ್ನು ಹೊರತಂದ. ಕವಿಗೆ ಇದಕ್ಕಿಂತ ಉತ್ತರ ಬೇಕೆ?

ಯೋಜನೆಯನ್ನು ಅಪ್ಪನಿಗೆ ಓದಿ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: “ಅವರಿವರ ಹೊಲದೊಳಗೆ ಹಾದುಹೋದರೆ ಬಯ್ಯುವುದಿಲ್ಲವೇನೋ?” ಈ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ನಮ್ಮ ಕೇರಿಯಿಂದ ಹಳ್ಳಕ್ಕಿದ್ದ ದಾರಿಗೆ ಒಬ್ಬರು ಬೇಲಿ ಹಾಕಿಸಿದ ಮೇಲೆ ಅವ್ವ ವರ್ಷಗಟ್ಟಲೆ ಸುತ್ತುದಾರಿಯಲ್ಲಿ ನೀರು ಹೊತ್ತಳು. ಉತ್ತರಕ್ಕಾಗಿ ಮತ್ತೆ ಗ್ರಂಥಾಲಯಕ್ಕೆ ಹೋದೆ.

ಬಯ್ಯುವಂತಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 2,25,000 ಕಿಲೋಮೀಟರು ಸಾರ್ವಜನಿಕ ಹಕ್ಕಿನ ದಾರಿಗಳಿವೆ. ಅವುಗಳಲ್ಲಿ ಬಹಳಷ್ಟು ಖಾಸಗಿ ಹೊಲ ಹುಲ್ಲುಗಾವಲುಗಳ ನಡುವೆಯೇ ಹಾದುಹೋಗುತ್ತವೆ. ನೆಲ ಒಡೆಯನದು, ನಡೆಯುವ ಹಕ್ಕು ಎಲ್ಲರದು. ಗೋಡೆ ಅಡ್ಡ ಬಂದಲ್ಲಿ ನಮ್ಮ ಕಡೆಯಂತೆಯೇ ತಡಮೆ ಇರುತ್ತದೆ. ದಾಟಿದವನು ಗೇಟು ಮುಚ್ಚಬೇಕು, ಬೆಳೆ ತುಳಿಯಬಾರದು, ಅಷ್ಟೆ. ಆದರೆ ಬೆಟ್ಟದ ಬಯಲುಗಳಲ್ಲಿ ದಾರಿ ಬಿಟ್ಟು ತಿರುಗುವ ಹಕ್ಕು ಸುಲಭವಾಗಿ ಬರಲಿಲ್ಲ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಸುತ್ತಿನ ನೂರಾರು ಜನ, ಹೆಚ್ಚಾಗಿ ಎಳೆಯ ಕೆಲಸಗಾರರು, ಕಿಂಡರ್ ಸ್ಕೌಟ್ ಎಂಬ ನಿಷಿದ್ಧ ಬೆಟ್ಟವನ್ನು ಬೇಕೆಂದೇ ಹತ್ತಿದರು. ಐವರು ಸೆರೆಮನೆ ಕಂಡರು. 1949ರ ಶಾಸನ ಹಳೆಯ ಕಾಲುದಾರಿಗಳನ್ನು ನಕ್ಷೆಯಲ್ಲಿ ದಾಖಲಿಸಲು ಏರ್ಪಾಡು ಮಾಡಿತು, ರಾಷ್ಟ್ರೀಯ ಉದ್ಯಾನಗಳಿಗೂ ದಾರಿ ಮಾಡಿತು. ಬಯಲುಗಳಲ್ಲಿ ತಿರುಗುವ ಹಕ್ಕನ್ನು 2000ದ ಶಾಸನ ವಿಸ್ತರಿಸಿತು.

ಆದಕಾರಣ ನನ್ನ ಅಭಿಪ್ರಾಯವಿಷ್ಟು. ಇಂಗ್ಲೆಂಡಿನ ಹಳ್ಳಿಗಾಡನ್ನು ನೋಡಹೋಗುವವನು ಸ್ಥಳಗಳ ಪಟ್ಟಿಯಿಂದ ಆರಂಭಿಸದೆ, ನಕ್ಷೆಯಲ್ಲಿ ಚುಕ್ಕೆಗೆರೆಯಾಗಿ ಕಾಣುವ ಒಂದು ಕಾಲುದಾರಿಯಿಂದ ಆರಂಭಿಸಲಿ. ಸರೋವರ ದೇವರು ಕೊಟ್ಟದ್ದು. ಅದರ ದಂಡೆಗೆ ಹೋಗುವ ದಾರಿ ಜನ ಉಳಿಸಿಕೊಂಡದ್ದು. ಎರಡನೆಯದನ್ನು ಅರಿಯದೆ ಮೊದಲನೆಯದನ್ನು ನೋಡಿ ಬಂದರೆ ಅರ್ಧ ಮಾತ್ರ ನೋಡಿದಂತೆ.

ನಾನು ಹೋಗುವುದು ಯಾವಾಗಲೋ! ನೋಟ್‌ಬುಕ್ಕು ಪೆಟ್ಟಿಗೆಯಲ್ಲಿದೆ. ಅಷ್ಟರೊಳಗೆ ನಮ್ಮ ಕೇರಿಯ ಹಳ್ಳದ ದಾರಿ ಗ್ರಾಮದ ನಕ್ಷೆಯಲ್ಲಿ ಇತ್ತೇ ಇಲ್ಲವೇ ಎಂದು ವಿಚಾರಿಸುವುದಾಗಿ ಅಪ್ಪನಿಗೆ ಮಾತು ಕೊಟ್ಟಿದ್ದೇನೆ. ಪರೀಕ್ಷೆ ಮುಗಿದ ಮರುವಾರ ಆ ಕೆಲಸ.

— ಅಂತಿಮ ಬಿ.ಎ. ವಿದ್ಯಾರ್ಥಿ