ಕಾಳಿಂಗನ ತಳಿ ಕೆಡುವ ಮುಂಚೆ

ನಮ್ಮ ಕಡೆಯ ದನದ ಸಂತೆಯಲ್ಲಿ ಖಿಲಾರಿ ಹೋರಿ ಕೊಳ್ಳಲು ಬಂದ ರೈತ ಬಾಯಿ ತೆರೆಸಿ ಹಲ್ಲು ನೋಡಿ, ಬೆನ್ನು ಸವರಿ, ಆಮೇಲೆ ಕೇಳುತ್ತಾನೆ: ‘ಯಾರ ಮನೀ ತಳೀರಿ?’ ಜರ್ಸಿ ಬೆರೆತ ಮೇಲೆ ಖಿಲಾರಿಯ ಗತಿ ಏನಾಯಿತೆಂದು ನಮ್ಮ ಮುನವಳ್ಳಿ ಸೀಮೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆ ಪ್ರಶ್ನೆಯನ್ನು ಈಗ ಕಾಳಿಂಗ ಸರ್ಪದ ಬಗ್ಗೆಯೂ ಕೇಳುವ ಹೊತ್ತು ಬಂದಿದೆ.

2023ರ ಸೆಪ್ಟೆಂಬರ್ 6ರಂದು ಬೆಂಗಳೂರು ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕ್‌ನಿಂದ ಬಂದ ಸಾಮಾನಿನಲ್ಲಿ 55 ಬಾಲ್ ಪೈಥಾನ್ ಹೆಬ್ಬಾವು, 17 ಕಾಳಿಂಗ ಸರ್ಪ ಸಿಕ್ಕವು. ಜೊತೆಗಿದ್ದ 6 ಕಪುಚಿನ್ ಮಂಗಗಳು ಸತ್ತಿದ್ದವು. ಬದುಕಿದ್ದವನ್ನು ಬಂದ ದೇಶಕ್ಕೇ ಕಳಿಸಿದರು. ಮರುವರ್ಷ ಏಪ್ರಿಲ್‌ನಲ್ಲಿ ಅದೇ ನಿಲ್ದಾಣದಲ್ಲಿ 10 ಹಳದಿ ಅನಕೊಂಡ. ಇವು ಸಿಕ್ಕಿಬಿದ್ದವುಗಳ ಲೆಕ್ಕ ಮಾತ್ರ.

1836ರಲ್ಲಿ ಪ್ರಕೃತಿವಿಜ್ಞಾನಿ ಕ್ಯಾಂಟರ್ ಹೆಸರಿಟ್ಟ ಕಾಳಿಂಗವನ್ನು ಬಹುಕಾಲ ಒಂದೇ ಪ್ರಭೇದವೆಂದು ಎಣಿಸಿದ್ದರು. ಹಾವುಗಳ ಸಂಶೋಧಕ ಪಿ. ಗೌರಿಶಂಕರ್ ಮತ್ತು ಸಂಗಡಿಗರು 2024ರಲ್ಲಿ ಅದನ್ನು ನಾಲ್ಕಾಗಿ ಬಿಡಿಸಿದರು. ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ಹೆಸರು ‘ಒಫಿಯೋಫೇಗಸ್ ಕಾಳಿಂಗ’, ನಮ್ಮದೇ ಮಾತು. ಬೆಳೆದ ಹಾವಿನ ಮೈಮೇಲೆ ತಿಳಿ ಪಟ್ಟೆ ಎಣಿಸಿದರೆ ನಮ್ಮದರಲ್ಲಿ ಸುಮಾರು 40ರ ಒಳಗೆ. ಉತ್ತರ ಭಾರತದಿಂದ ಥಾಯ್ಲೆಂಡ್ ಕಡೆಗೆ ಹಬ್ಬಿದ್ದರಲ್ಲಿ 50ರಿಂದ 70, ಮೇಲೆ ಪಟ್ಟೆಯ ಅಂಚಿಗೆ ಕಪ್ಪು ಗೆರೆ. ಬ್ಯಾಂಕಾಕ್‌ನಿಂದ ಬಂದದ್ದನ್ನೂ ಆಗುಂಬೆಯದನ್ನೂ ಒಂದೇ ಗೂಡಿಗೆ ಬಿಟ್ಟರೆ ಈ ಎಣಿಕೆಯ ಅರ್ಥವೇ ಹೋಗುತ್ತದೆ.

ಹಾವು ಸಾಕುವವರ ಬಣ್ಣದ ಹುಚ್ಚು ಇನ್ನೂ ಕೆಟ್ಟದ್ದು. ಬಾಲ್ ಪೈಥಾನ್‌ನಲ್ಲಿ ‘ಸ್ಪೈಡರ್’ ಎಂಬ ಬಣ್ಣದ ತಳಿಯಿದೆ. ಆಫ್ರಿಕಾದಿಂದ ತಂದ ಒಂದೇ ಒಂದು ಹಾವಿನಿಂದ ಬೆಳೆಸಿದ್ದು. ನೋಡಲು ಕಸೂತಿಯ ಹಾಗೆ ಚೆಂದ. ಆದರೆ ಇಲಿಯತ್ತ ಹೋಗುವಾಗ ತಲೆ ತೂಗಾಡುತ್ತದೆ, ಕುತ್ತಿಗೆ ತಿರುಚಿಕೊಳ್ಳುತ್ತದೆ, ಗುರಿ ತಪ್ಪುತ್ತದೆ. ಬಣ್ಣವೂ ಆ ನಡುಕವೂ ಒಟ್ಟಿಗೇ ಬರುತ್ತವೆ. ಗೊತ್ತಿದ್ದೂ ಜನ ಕೊಳ್ಳುತ್ತಾರೆ. ಹೊಸ ಹೆಸರು ಸಿಕ್ಕ ಕಾಳಿಂಗದ ಮೇಲೂ ಇಂಥವರ ಕಣ್ಣು ಬೀಳುವುದು ಖಂಡಿತ. ಕಚ್ಚಿದರೆ ಏನೆಂದು ಅವರು ಯೋಚಿಸಿದಂತಿಲ್ಲ: ನಮ್ಮ ಆಸ್ಪತ್ರೆಗಳ ವಿಷನಿರೋಧಕ ತಯಾರಾಗುವುದು ನಾಗರ, ಕಟ್ಟುಹಾವು ಮತ್ತು ಎರಡು ಮಂಡಲದ ವಿಷಕ್ಕೆ, ಕಾಳಿಂಗ ಆ ಪಟ್ಟಿಯಲ್ಲಿಲ್ಲ.

ಕೂಡಿಹಾಕಿ ಮರಿ ಮಾಡಿಸುವುದೇ ಬೇಡ ಎನ್ನುವುದು ನನ್ನ ವಾದವಲ್ಲ. ಮಂಗಳೂರಿನ ಪಿಲಿಕುಳ ಮೃಗಾಲಯದಲ್ಲಿ ಆ ಕೆಲಸ ನಡೆದಿದೆ. ಮೈ ಸುತ್ತಿ ತರಗೆಲೆ ಎಳೆದು ಗೂಡು ಕಟ್ಟುವ ಈ ಹಾವಿನ ಮೊಟ್ಟೆ ಕಾಯುವುದು ಸಣ್ಣ ಮಾತಲ್ಲ. ಆದರೆ ಪ್ರತಿ ಹಾವಿನ ತಾಯಿ–ತಂದೆ ಯಾವ ಗುಡ್ಡದವು ಎಂಬ ವಹಿ ಇರಬೇಕು, ಡಿಎನ್‌ಎಗೆಂದು ಹುರುಪೆಯ ಚೂರು ತೆಗೆದಿಟ್ಟಿರಬೇಕು. ಚೆಂದದ ಮರಿ ಆರಿಸಿ ಜೋಡಿ ಕಟ್ಟಬಾರದು. ಮೂಲ ಗೊತ್ತಿಲ್ಲದ್ದನ್ನು ಕಾಡಿಗೆ ಬಿಡಲೇಬಾರದು. ಪ್ರಾಣಿಸಂಗ್ರಹಾಲಯಗಳು ಈ ವಹಿಯನ್ನು ಈ ವರ್ಷವೇ ತೆರೆಯಲಿ, ಬೆರಕೆ ಮರಿ ಹುಟ್ಟಿದ ಮೇಲೆ ಬರೆದು ಏನು ಬಂತು?

ಬಯಲಿನವರಿಗೆ ಇದೆಲ್ಲ ಯಾಕೆ ಅಂದೀರಿ. ಮುನವಳ್ಳಿಗೆ ಬರುವ ಮಲಪ್ರಭೆ ಹುಟ್ಟುವುದು ಖಾನಾಪುರದ ಕಣಕುಂಬಿಯಲ್ಲಿ, ಈ ಕಾಳಿಂಗದ ಪಶ್ಚಿಮ ಘಟ್ಟದಲ್ಲೇ. ಇನ್ನು ಇಲ್ಲಿಯ ಮಣ್ಣುಮುಕ್ಕ ಹಾವನ್ನು ‘ಎರಡು ತಲೆ’ ಎಂದು ತೂಕ ಹಾಕಿ ಮಾರುವ ದಲ್ಲಾಳಿಗಳನ್ನು ನಾವು ನೋಡಿಲ್ಲವೇ? ಅದೇ ದಲ್ಲಾಳಿ ನಾಳೆ ಮೊಬೈಲ್‌ನಲ್ಲಿ ಕಾಳಿಂಗದ ಮರಿ ತೋರಿಸಿ ದರ ಹೇಳಿದರೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.